ಬಳ್ಳಾರಿ ಲೋಕಸಭಾ ಕ್ಷೇತ್ರ: ಹನ್ನೆರಡು ಚುನಾವಣೆಗೆ ಆರು ಸಂಸದರು, ಎಂಟು ಚುನಾವಣೆಗೆ ಎಂಟು

ರಾಷ್ಟ್ರ ರಾಜಕಾರಣದಲ್ಲಿ ಬಳ್ಳಾರಿಗೆ ಎರಡು ಹೆಸರುಗಳು ಅಂಟಿಕೊಂಡಿವೆ. ಇಪ್ಪತ್ತನೇ ಶತಮಾನದ ಕೊನೆಯವರೆಗೆ ಅದು ‘ಕಾಂಗ್ರೆಸ್ಸಿನ ಭದ್ರಕೋಟೆ’. ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ಅದು ‘ಗಣಿ ಧಣಿಗಳ ಸಾಮ್ರಾಜ್ಯ’. ಎರಡು ಹೆಸರುಗಳಲ್ಲಿಯೂ ಸತ್ಯಾಂಶವಿದೆ. ಆದರೆ ಕ್ಷೇತ್ರದ ಏಳು ದಶಕಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಎರಡರಲ್ಲಿ ಯಾವುದೂ ಪೂರ್ಣ ಚಿತ್ರವನ್ನು ಕೊಡುವುದಿಲ್ಲ.

1952ರಿಂದ 2024ರವರೆಗೆ ಬಳ್ಳಾರಿ 18 ಮಹಾಚುನಾವಣೆಗಳನ್ನೂ ಎರಡು ಉಪಚುನಾವಣೆಗಳನ್ನೂ ಕಂಡಿದೆ. ಈ 20 ಸ್ಪರ್ಧೆಗಳ ಪೈಕಿ 16ರಲ್ಲಿ ಕಾಂಗ್ರೆಸ್, ನಾಲ್ಕರಲ್ಲಿ ಭಾರತೀಯ ಜನತಾ ಪಕ್ಷ ಗೆದ್ದಿವೆ. ಬೇರಾವ ಪಕ್ಷಕ್ಕೂ, ಪಕ್ಷೇತರರಿಗೂ ಇಲ್ಲಿ ಜಯ ದೊರೆತಿಲ್ಲ. ಮೇಲ್ನೋಟಕ್ಕೆ ಇದು ಅತ್ಯಂತ ಸ್ಥಿರವಾದ ಕ್ಷೇತ್ರದ ದಾಖಲೆ.

ಪಕ್ಷಗಳನ್ನು ಬಿಟ್ಟು ವ್ಯಕ್ತಿಗಳನ್ನು ಎಣಿಸಿದಾಗ ಲೆಕ್ಕ ತಲೆಕೆಳಗಾಗುತ್ತದೆ. 1952ರಿಂದ 1998ರವರೆಗಿನ 12 ಚುನಾವಣೆಗಳಲ್ಲಿ ಗೆದ್ದವರು ಕೇವಲ ಆರು ಮಂದಿ. 1999ರಿಂದ 2024ರವರೆಗಿನ ಎಂಟು ಸ್ಪರ್ಧೆಗಳಲ್ಲಿ ಗೆದ್ದವರು ಎಂಟು ಮಂದಿ. ಅಂದರೆ ಕಾಲು ಶತಮಾನದಲ್ಲಿ ಬಳ್ಳಾರಿಯಿಂದ ಒಮ್ಮೆ ಗೆದ್ದ ಯಾರೊಬ್ಬರೂ ಅದೇ ಕ್ಷೇತ್ರದಿಂದ ಎರಡನೇ ಬಾರಿ ಲೋಕಸಭೆ ಪ್ರವೇಶಿಸಿಲ್ಲ. ಈ ಬದಲಾವಣೆ ಹೇಗಾಯಿತು, ಅದರಿಂದ ಕ್ಷೇತ್ರಕ್ಕೆ ಏನಾಯಿತು ಎಂಬುದೇ ಬಳ್ಳಾರಿಯ ಚುನಾವಣಾ ಇತಿಹಾಸದ ಮುಖ್ಯ ಪ್ರಶ್ನೆ.

ಮದರಾಸಿನಿಂದ ಮೈಸೂರಿಗೆ

ಮೊದಲ ಮಹಾಚುನಾವಣೆ ನಡೆದಾಗ ಬಳ್ಳಾರಿ ಮೈಸೂರು ರಾಜ್ಯದಲ್ಲಿ ಇರಲಿಲ್ಲ. ಅದು ಮದರಾಸು ರಾಜ್ಯದ ಜಿಲ್ಲೆ. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಪುಟ್ಟ ಸಂಡೂರು ಸಂಸ್ಥಾನವೂ 1949ರಲ್ಲಿ ಇದೇ ಜಿಲ್ಲೆಗೆ ಸೇರಿತ್ತು. ಪ್ರತ್ಯೇಕ ಆಂಧ್ರ ರಾಜ್ಯ ರಚನೆಯ ಸಂದರ್ಭದಲ್ಲಿ ಬಳ್ಳಾರಿ ಯಾರಿಗೆ ಸೇರಬೇಕೆಂಬ ವಿವಾದ ತೀವ್ರ ಸ್ವರೂಪ ಪಡೆಯಿತು. ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ವಿಷಯವನ್ನು ನ್ಯಾಯಮೂರ್ತಿ ಮಿಶ್ರಾ ಆಯೋಗಕ್ಕೆ ಒಪ್ಪಿಸಲಾಯಿತು. ಅಂತಿಮವಾಗಿ 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯದ ಭಾಗವಾಯಿತು. ಮದರಾಸು ರಾಜ್ಯದಿಂದ ಆಯ್ಕೆಯಾಗಿ ದೆಹಲಿಗೆ ಹೋಗಿದ್ದ ಬಳ್ಳಾರಿಯ ಸಂಸದರು ಅವಧಿಯ ನಡುವೆಯೇ ಮೈಸೂರಿನ ಪ್ರತಿನಿಧಿಯಾದರು.

ಆ ಸಂಸದರು ಸ್ವಾತಂತ್ರ್ಯ ಹೋರಾಟಗಾರ ಟೇಕೂರು ಸುಬ್ರಹ್ಮಣ್ಯಂ. 1952, 1957 ಮತ್ತು 1962ರಲ್ಲಿ ಸತತ ಮೂರು ಬಾರಿ ಅವರು ಬಳ್ಳಾರಿಯಿಂದ ಗೆದ್ದರು. ರಾಜ್ಯ ಬದಲಾದರೂ, ಗಡಿ ಬದಲಾದರೂ ಮತದಾರರು ಪ್ರತಿನಿಧಿಯನ್ನು ಬದಲಿಸಲಿಲ್ಲ. ತುಂಗಭದ್ರಾ ಅಣೆಕಟ್ಟಿನ ನೀರು ಹೊಲಗಳಿಗೆ ಹರಿಯತೊಡಗಿದ ಕಾಲವೂ ಅದೇ ಆಗಿತ್ತು.

1967ರಲ್ಲಿ ಕಾಂಗ್ರೆಸ್ ಖ್ಯಾತ ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್ ಅವರನ್ನು ಕಣಕ್ಕಿಳಿಸಿತು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸಂಸ್ಥೆಯನ್ನು ಕಟ್ಟಿದ ವಿದ್ವಾಂಸರು ಬಳ್ಳಾರಿಯಿಂದ ಗೆದ್ದು ಕೇಂದ್ರ ಸಚಿವರಾದರು. ಮೊದಲು ಸಾರಿಗೆ ಮತ್ತು ನೌಕಾಯಾನ, ಬಳಿಕ ಶಿಕ್ಷಣ ಖಾತೆಯನ್ನು ನಿರ್ವಹಿಸಿದರು. 1971ರಲ್ಲಿ ಇಂದಿರಾ ಗಾಂಧಿ ಅವರ ಅಲೆಯಲ್ಲಿ ರಾಜ್ಯದ ಎಲ್ಲ 27 ಸ್ಥಾನಗಳೂ ಕಾಂಗ್ರೆಸ್ ಪಾಲಾದಾಗ ರಾವ್ ಮರು ಆಯ್ಕೆಯಾದರು. ಸ್ಥಳೀಯ ರಾಜಕಾರಣದ ಹಿನ್ನೆಲೆ ಇಲ್ಲದ ಅಭ್ಯರ್ಥಿಯನ್ನೂ ಪಕ್ಷದ ಚಿಹ್ನೆಯ ಬಲದ ಮೇಲೆ ಗೆಲ್ಲಿಸಬಲ್ಲ ಕ್ಷೇತ್ರ ಎಂಬ ಹೆಸರು ಬಳ್ಳಾರಿಗೆ ಬಂದದ್ದು ಇಲ್ಲಿಂದ. ಮೂರು ದಶಕಗಳ ನಂತರ ದೆಹಲಿಯ ಇನ್ನೊಬ್ಬ ನಾಯಕಿ ಇಲ್ಲಿಗೆ ಬಂದದ್ದು ಇದೇ ಹೆಸರನ್ನು ನಂಬಿ.

ವಿರೋಧಿ ಅಲೆಗೂ ಜಗ್ಗದ ಕಣ

ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತದಾದ್ಯಂತ ಕಾಂಗ್ರೆಸ್ ನೆಲಕಚ್ಚಿತು. ಕರ್ನಾಟಕದಲ್ಲಿ ಮಾತ್ರ ಅದು 28ರಲ್ಲಿ 26 ಸ್ಥಾನ ಗೆದ್ದಿತು. ಬಳ್ಳಾರಿಯಲ್ಲಿ ಕೆ.ಎಸ್. ವೀರಭದ್ರಪ್ಪ ಆಯ್ಕೆಯಾದರು. 1980ರಲ್ಲಿ ಸಂಡೂರಿನ ಘೋರ್ಪಡೆ ಮನೆತನದ ಆರ್.ವೈ. ಘೋರ್ಪಡೆ ಗೆದ್ದರು. 1984, 1989 ಮತ್ತು 1991ರಲ್ಲಿ ಬಸವರಾಜೇಶ್ವರಿ ಸತತ ಮೂರು ಬಾರಿ ಜಯ ಗಳಿಸಿ ಟೇಕೂರು ಸುಬ್ರಹ್ಮಣ್ಯಂ ಅವರ ದಾಖಲೆಯನ್ನು ಸರಿಗಟ್ಟಿದರು. ಪಿ.ವಿ. ನರಸಿಂಹರಾವ್ ಸಂಪುಟದಲ್ಲಿ ಅವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯ ರಾಜ್ಯ ಸಚಿವರಾಗಿದ್ದರು. ಬಳ್ಳಾರಿಯನ್ನು ಪ್ರತಿನಿಧಿಸುತ್ತ ಕೇಂದ್ರ ಸಚಿವ ಸ್ಥಾನಕ್ಕೇರಿದವರಲ್ಲಿ ರಾವ್ ಅವರ ನಂತರದ ಹೆಸರು ಅವರದು. ಅವರ ನಂತರ ಇಲ್ಲಿಂದ ಗೆದ್ದ ಯಾರಿಗೂ ಆ ಅವಕಾಶ ದೊರೆತಿಲ್ಲ.

ಕ್ಷೇತ್ರದ ನಿಷ್ಠೆಗೆ ನಿಜವಾದ ಪರೀಕ್ಷೆ ಎದುರಾದದ್ದು 1996ರಲ್ಲಿ. ಎಚ್.ಡಿ. ದೇವೇಗೌಡರ ನೇತೃತ್ವದ ಜನತಾದಳ ರಾಜ್ಯದ 16 ಸ್ಥಾನಗಳನ್ನು ಗೆದ್ದಿತು. ಕಾಂಗ್ರೆಸ್ ಐದಕ್ಕೆ ಕುಸಿಯಿತು. ಆ ಐದರಲ್ಲಿ ಬಳ್ಳಾರಿಯೂ ಒಂದು. ಕೆ.ಸಿ. ಕೊಂಡಯ್ಯ ಅಂದು ಗೆದ್ದು, 1998ರಲ್ಲಿಯೂ ಸ್ಥಾನ ಉಳಿಸಿಕೊಂಡರು. ಆ ವರ್ಷ ಭಾಜಪ 13 ಹಾಗೂ ಅದರ ಮಿತ್ರಪಕ್ಷ ಲೋಕಶಕ್ತಿ ಮೂರು ಸ್ಥಾನಗಳನ್ನು ಪಡೆದಿದ್ದವು. ರಾಜ್ಯದ ಗಾಳಿ ಯಾವ ದಿಕ್ಕಿಗೆ ಬೀಸಿದರೂ ಬಳ್ಳಾರಿ ಅಲುಗಾಡದು ಎಂಬ ನಂಬಿಕೆ ಕಾಂಗ್ರೆಸ್ ನಾಯಕರಲ್ಲಿ ಗಟ್ಟಿಯಾದದ್ದು ಈ ಎರಡು ಫಲಿತಾಂಶಗಳಿಂದ.

ಕೊಂಡಯ್ಯ ಅವರು ಬಳ್ಳಾರಿಯಿಂದ ಎರಡು ಬಾರಿ ಲೋಕಸಭೆಗೆ ಆಯ್ಕೆಯಾದ ಕೊನೆಯ ವ್ಯಕ್ತಿ.

ಇಡೀ ದೇಶ ನೋಡಿದ ಚುನಾವಣೆ

1999ರಲ್ಲಿ ಸೋನಿಯಾ ಗಾಂಧಿ ಮೊದಲ ಬಾರಿಗೆ ಚುನಾವಣಾ ಕಣಕ್ಕಿಳಿದರು. ಉತ್ತರ ಪ್ರದೇಶದ ಅಮೇಠಿಯ ಜೊತೆಗೆ ದಕ್ಷಿಣದಲ್ಲಿ ಇನ್ನೊಂದು ಸುರಕ್ಷಿತ ಕ್ಷೇತ್ರವನ್ನು ಆಯ್ದುಕೊಳ್ಳಲು ಪಕ್ಷ ನಿರ್ಧರಿಸಿತು. ಆಂಧ್ರಪ್ರದೇಶದ ಕಡಪ ಎಂಬ ಊಹಾಪೋಹ ಹಬ್ಬಿದ್ದಾಗಲೇ ಅವರು ಬಳ್ಳಾರಿಗೆ ಬಂದು ನಾಮಪತ್ರ ಸಲ್ಲಿಸಿದರು. ಭಾಜಪ ಕೊನೆಯ ಗಳಿಗೆಯಲ್ಲಿ ಸುಷ್ಮಾ ಸ್ವರಾಜ್ ಅವರನ್ನು ಎದುರಾಳಿಯಾಗಿ ಕಳುಹಿಸಿತು. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ ಇಂದಿರಾ ಗಾಂಧಿ ಅವರಿಗೆ ರಾಜಕೀಯ ಮರುಜನ್ಮ ನೀಡಿತ್ತು. ಅವರ ಸೊಸೆಗೂ ಕರ್ನಾಟಕವೇ ಆಸರೆಯಾದೀತೆ ಎಂಬ ಕುತೂಹಲದಿಂದ ದೇಶದ ಮಾಧ್ಯಮ ಬಳ್ಳಾರಿಯತ್ತ ಧಾವಿಸಿತು.

ಸುಷ್ಮಾ ಸ್ವರಾಜ್ ಅಲ್ಪಾವಧಿಯಲ್ಲಿಯೇ ಕನ್ನಡ ಕಲಿತು ಸಭೆಗಳಲ್ಲಿ ಕನ್ನಡದಲ್ಲಿ ಭಾಷಣ ಮಾಡಿದರು. ಎದುರಾಳಿಯ ವಿದೇಶಿ ಮೂಲವನ್ನು ಮುಖ್ಯ ವಿಷಯವನ್ನಾಗಿಸಿದರು. ಫಲಿತಾಂಶ ಬಂದಾಗ ಸೋನಿಯಾ ಗಾಂಧಿ 56,100 ಮತಗಳ ಅಂತರದಿಂದ ಗೆದ್ದಿದ್ದರು. ರಾಜ್ಯ ವಿಧಾನಸಭೆಗೂ ಅದೇ ಸಮಯದಲ್ಲಿ ಚುನಾವಣೆ ನಡೆದು, ಎಸ್.ಎಂ. ಕೃಷ್ಣ ನೇತೃತ್ವದಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದಿತು. ಲೋಕಸಭೆಯ 18 ಸ್ಥಾನಗಳೂ ಅದರ ಪಾಲಾದವು.

ಆದರೆ ಈ ಜಯದಲ್ಲಿಯೇ ಮುಂದಿನ ಸೋಲಿನ ಬೀಜವಿತ್ತು. ಸೋನಿಯಾ ಗಾಂಧಿ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ನೀಡಿದರು. 2000ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೋಳೂರು ಬಸವನಗೌಡ ಗೆದ್ದು ಸ್ಥಾನವೇನೋ ಪಕ್ಷದಲ್ಲಿಯೇ ಉಳಿಯಿತು. ಗೆದ್ದವರು ಕ್ಷೇತ್ರ ಬಿಟ್ಟು ಹೋದರೆ, ಸೋತ ಸುಷ್ಮಾ ಸ್ವರಾಜ್ ಅನೇಕ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ತಪ್ಪದೆ ಬಳ್ಳಾರಿಗೆ ಬರುತ್ತಿದ್ದರು. ಈ ವ್ಯತ್ಯಾಸವನ್ನು ಭಾಜಪ ತನ್ನ ಪ್ರಚಾರದಲ್ಲಿ ಸಮರ್ಥವಾಗಿ ಬಳಸಿಕೊಂಡಿತು. ಅದಕ್ಕಿಂತ ಮುಖ್ಯವಾಗಿ, ಅದುವರೆಗೆ ಜಿಲ್ಲೆಯಲ್ಲಿ ನೆಲೆಯಿಲ್ಲದ ಪಕ್ಷಕ್ಕೆ ಆ ಒಂದು ಚುನಾವಣೆ ಕಾರ್ಯಕರ್ತರ ಪಡೆಯನ್ನೂ ಸ್ಥಳೀಯ ನಾಯಕರನ್ನೂ ಒದಗಿಸಿತು. ಸುಷ್ಮಾ ಅವರ ಪ್ರಚಾರದಲ್ಲಿ ಮುಂಚೂಣಿಗೆ ಬಂದ ಜಿ. ಕರುಣಾಕರ ರೆಡ್ಡಿ, ಜಿ. ಜನಾರ್ದನ ರೆಡ್ಡಿ, ಜಿ. ಸೋಮಶೇಖರ ರೆಡ್ಡಿ ಸಹೋದರರು ಮತ್ತು ಬಿ. ಶ್ರೀರಾಮುಲು ಮುಂದಿನ ಒಂದು ದಶಕದ ಬಳ್ಳಾರಿ ರಾಜಕಾರಣವನ್ನು ನಿರ್ಧರಿಸಿದರು.

2004: ಅದಿರು ಮತ್ತು ಅಧಿಕಾರ

2004ರಲ್ಲಿ ಕರುಣಾಕರ ರೆಡ್ಡಿ ಬಳ್ಳಾರಿಯ ಮೊದಲ ಕಾಂಗ್ರೆಸ್ಸೇತರ ಸಂಸದರಾದರು. ಸತತ 14 ಜಯಗಳ ಸರಣಿ ಅಲ್ಲಿಗೆ ಮುಗಿಯಿತು. ಆ ವರ್ಷ ಭಾಜಪ ರಾಜ್ಯದಲ್ಲಿ 18 ಲೋಕಸಭಾ ಸ್ಥಾನಗಳನ್ನು ಗೆದ್ದಿತ್ತು. ಆದ್ದರಿಂದ ಬಳ್ಳಾರಿಯ ಫಲಿತಾಂಶವನ್ನು ರಾಜ್ಯದ ಅಲೆಯ ಭಾಗವೆಂದು ವಿವರಿಸಬಹುದು. ಆದರೆ 1996 ಮತ್ತು 1998ರ ಅಲೆಗಳನ್ನು ತಡೆದುಕೊಂಡಿದ್ದ ಕ್ಷೇತ್ರ ಈ ಬಾರಿ ಏಕೆ ತಡೆಯಲಿಲ್ಲ ಎಂಬುದಕ್ಕೆ ಸ್ಥಳೀಯ ಕಾರಣಗಳನ್ನೂ ನೋಡಬೇಕು.

ಬಳ್ಳಾರಿ, ಸಂಡೂರು, ಹೊಸಪೇಟೆ ಭಾಗದ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಹೊಸದೇನಲ್ಲ. ಸಾರ್ವಜನಿಕ ವಲಯದ ಎನ್‌ಎಂಡಿಸಿ ದೋಣಿಮಲೆಯಲ್ಲಿ ದಶಕಗಳಿಂದ ಅದಿರು ತೆಗೆಯುತ್ತಿತ್ತು. ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ ತಲೆಯೆತ್ತಿತ್ತು. ಹೊಸದಾಗಿದ್ದದ್ದು ಬೆಲೆ. ಚೀನಾದ ಬೇಡಿಕೆಯಿಂದ 2003ರ ನಂತರ ಅದಿರಿನ ಅಂತಾರಾಷ್ಟ್ರೀಯ ಬೆಲೆ ಏರುತ್ತ ಹೋಯಿತು. ಲಾರಿಗಳು ಹಗಲುರಾತ್ರಿ ಬಂದರುಗಳತ್ತ ಓಡತೊಡಗಿದವು. ಭೂಮಾಲೀಕರು, ವರ್ತಕರು ಮತ್ತು ಹಳೆಯ ರಾಜಮನೆತನಗಳ ಕೈಯಲ್ಲಿದ್ದ ರಾಜಕೀಯ ಪ್ರಭಾವ, ಕೆಲವೇ ವರ್ಷಗಳಲ್ಲಿ ಗಣಿಯ ನಗದು ಹಣ ಕಂಡ ಹೊಸ ಗುಂಪಿಗೆ ವರ್ಗಾವಣೆಯಾಯಿತು.

2008ರ ವಿಧಾನಸಭಾ ಚುನಾವಣೆಯಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಒಂಬತ್ತು ಸ್ಥಾನಗಳ ಪೈಕಿ ಎಂಟನ್ನು ಭಾಜಪ ಗೆದ್ದಿತು. ಸಂಡೂರು ಮಾತ್ರ ಕಾಂಗ್ರೆಸ್ಸಿನ ಈ. ತುಕಾರಾಂ ಅವರಿಗೆ ಒಲಿಯಿತು. ದಕ್ಷಿಣ ಭಾರತದಲ್ಲಿ ಮೊದಲ ಬಾರಿಗೆ ಭಾಜಪ ತನ್ನದೇ ನೇತೃತ್ವದ ಸರ್ಕಾರ ರಚಿಸಿದಾಗ ಕರುಣಾಕರ ರೆಡ್ಡಿ, ಜನಾರ್ದನ ರೆಡ್ಡಿ ಮತ್ತು ಶ್ರೀರಾಮುಲು ಮೂವರೂ ಸಚಿವರಾದರು.

ಮೀಸಲಾತಿ ಬದಲಿಸಿದ ಕಣ

2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆ ಬಳ್ಳಾರಿಯ ಸ್ವರೂಪವನ್ನೇ ಬದಲಿಸಿತು. ಲೋಕಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಲೋಕಸಭಾ ಕ್ಷೇತ್ರಗಳು ಎರಡೇ: ಬಳ್ಳಾರಿ ಮತ್ತು ರಾಯಚೂರು. ಇದರ ಹಿಂದೆ 1991ರ ಒಂದು ತೀರ್ಮಾನವಿದೆ. ನಾಯಕ ಸಮುದಾಯದ ಬೇಡ, ವಾಲ್ಮೀಕಿ ಮೊದಲಾದ ಸಮಾನಾರ್ಥಕ ಹೆಸರುಗಳನ್ನು ಆ ವರ್ಷ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅದರಿಂದ ಮಧ್ಯ ಮತ್ತು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಪರಿಶಿಷ್ಟ ಪಂಗಡದ ಜನಸಂಖ್ಯೆಯ ಲೆಕ್ಕ ಗಣನೀಯವಾಗಿ ಹೆಚ್ಚಿತು. ಮುಂದೆ ಪುನರ್ವಿಂಗಡಣೆ ಆಯೋಗ ಆ ಲೆಕ್ಕವನ್ನೇ ಆಧರಿಸಿ ಮೀಸಲು ಕ್ಷೇತ್ರಗಳನ್ನು ನಿಗದಿ ಮಾಡಿತು.

ಈಗಿನ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಬಳ್ಳಾರಿ ಗ್ರಾಮೀಣ, ಸಂಡೂರು, ಕಂಪ್ಲಿ ಮತ್ತು ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ಹೂವಿನಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲು. ಬಳ್ಳಾರಿ ನಗರ ಮತ್ತು ವಿಜಯನಗರ ಎರಡು ಮಾತ್ರ ಸಾಮಾನ್ಯ ಕ್ಷೇತ್ರಗಳು. ಜಿಲ್ಲೆಯಲ್ಲಿಯೇ ಇರುವ ಸಿರುಗುಪ್ಪ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕವಾದ ಮೇಲೆ ಈ ಎಂಟು ಕ್ಷೇತ್ರಗಳು ಎರಡು ಜಿಲ್ಲೆಗಳಲ್ಲಿ ನಾಲ್ಕು ನಾಲ್ಕಾಗಿ ಹಂಚಿಹೋಗಿವೆ. ಹೀಗಾಗಿ ಬಳ್ಳಾರಿಯ ಸಂಸದರು ಇಬ್ಬರು ಜಿಲ್ಲಾಧಿಕಾರಿಗಳೊಡನೆ, ಎರಡು ಜಿಲ್ಲಾಡಳಿತಗಳೊಡನೆ ವ್ಯವಹರಿಸಬೇಕಾಗಿದೆ.

ಮೀಸಲಾತಿಯಿಂದ ರಾಜಕೀಯ ಅಧಿಕಾರ ಹೊಸ ಸಮುದಾಯಕ್ಕೆ ದೊರೆಯಿತು ಎಂಬುದು ನಿಸ್ಸಂಶಯ. ಹಿಂದೆ ಪ್ರಬಲ ಜಾತಿಗಳ ನಾಯಕರ ಬೆನ್ನ ಹಿಂದೆ ನಿಲ್ಲುತ್ತಿದ್ದ ನಾಯಕ ಸಮುದಾಯದ ಮುಖಂಡರು ತಾವೇ ಅಭ್ಯರ್ಥಿಗಳಾದರು. ಆದರೆ ಟಿಕೆಟ್ ಯಾರಿಗೆ ಎಂಬ ತೀರ್ಮಾನ, ಚುನಾವಣೆಗೆ ಹಣ ಹೊಂದಿಸುವ ಕೆಲಸ ಎಷ್ಟರ ಮಟ್ಟಿಗೆ ಆ ಸಮುದಾಯದ ಕೈಗೆ ಬಂದಿದೆ ಎಂಬುದು ಪ್ರತ್ಯೇಕ ಪ್ರಶ್ನೆ.

2,243 ಮತಗಳ ಪಾಠ

ಮೀಸಲು ಕ್ಷೇತ್ರವಾದ ನಂತರದ ಮೊದಲ ಚುನಾವಣೆ ನಡೆದದ್ದು 2009ರಲ್ಲಿ. ಭಾಜಪ ಶ್ರೀರಾಮುಲು ಅವರ ಸಹೋದರಿ ಜೆ. ಶಾಂತಾ ಅವರನ್ನು ಕಣಕ್ಕಿಳಿಸಿತು. ಕಾಂಗ್ರೆಸ್ಸಿನಿಂದ ನಿವೃತ್ತ ನ್ಯಾಯಮೂರ್ತಿ ಎನ್.ವೈ. ಹನುಮಂತಪ್ಪ ಸ್ಪರ್ಧಿಸಿದರು. ರಾಜ್ಯದಲ್ಲಿ ಭಾಜಪ ಸರ್ಕಾರ, ಜಿಲ್ಲೆಯಲ್ಲಿ ಮೂವರು ಪ್ರಭಾವಿ ಸಚಿವರ ಹಿಡಿತ, ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಏಳು ಭಾಜಪದ ವಶ. ಇಷ್ಟಿದ್ದೂ ಶಾಂತಾ ಗೆದ್ದದ್ದು ಕೇವಲ 2,243 ಮತಗಳ ಅಂತರದಿಂದ. ಅದೇ ಚುನಾವಣೆಯಲ್ಲಿ ಭಾಜಪ ರಾಜ್ಯದ 19 ಸ್ಥಾನಗಳನ್ನು ಗೆದ್ದಿತ್ತು.

ಗಣಿ ಹಣದ ಸಾಮ್ರಾಜ್ಯ ಅದರ ಉಚ್ಛ್ರಾಯದಲ್ಲಿದ್ದಾಗ ಬಂದ ಫಲಿತಾಂಶ ಇದು. ಹೊರಗಿನಿಂದ ನೋಡಿದವರಿಗೆ ಬಳ್ಳಾರಿ ಅಭೇದ್ಯವಾಗಿ ಕಾಣುತ್ತಿತ್ತು. ಒಳಗೆ ಸುಮಾರು ಅರ್ಧದಷ್ಟು ಮತದಾರರು ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಈ ಕ್ಷೇತ್ರದ ಕುರಿತ ಚರ್ಚೆಗಳಲ್ಲಿ 1999ರ ಸೋನಿಯಾ–ಸುಷ್ಮಾ ಕದನಕ್ಕೆ ಸಿಗುವ ಪ್ರಾಧಾನ್ಯ 2009ಕ್ಕೆ ಸಿಗುವುದಿಲ್ಲ. ಆದರೆ ಮತದಾರರ ಮನಸ್ಸನ್ನು ಅರಿಯಲು ಈ 2,243 ಎಂಬ ಅಂಕಿಯೇ ಹೆಚ್ಚು ಉಪಯುಕ್ತ.

ಗಣಿ ನಿಂತ ಮೇಲೆ

ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆ ಕುರಿತು 2008ರ ಡಿಸೆಂಬರ್‌ನಲ್ಲಿ ಮೊದಲ ವರದಿಯನ್ನೂ 2011ರ ಜುಲೈನಲ್ಲಿ ಎರಡನೆಯದನ್ನೂ ನೀಡಿದರು. ಈ ನಡುವೆ 2010ರ ಜುಲೈ–ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಮತ್ತಿತರ ಕಾಂಗ್ರೆಸ್ ನಾಯಕರು ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ಪಾದಯಾತ್ರೆ ನಡೆಸಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅದೇ ತಿಂಗಳ ಕೊನೆಗೆ ರಾಜೀನಾಮೆ ನೀಡಿದರು. ಸೆಪ್ಟೆಂಬರ್ 5ರಂದು ಜನಾರ್ದನ ರೆಡ್ಡಿ ಅವರನ್ನು ಸಿಬಿಐ ಬಂಧಿಸಿತು.

ಶ್ರೀರಾಮುಲು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಬಳ್ಳಾರಿ ಗ್ರಾಮೀಣ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದು, ಬಿಎಸ್‌ಆರ್ ಕಾಂಗ್ರೆಸ್ ಎಂಬ ಹೊಸ ಪಕ್ಷ ಕಟ್ಟಿದರು. 2013ರ ವಿಧಾನಸಭಾ ಚುನಾವಣೆಯಲ್ಲಿ ಬಳ್ಳಾರಿ ಲೋಕಸಭಾ ಕ್ಷೇತ್ರದ ಎಂಟು ಸ್ಥಾನಗಳು ಕಾಂಗ್ರೆಸ್, ಭಾಜಪ, ಜೆಡಿಎಸ್, ಬಿಎಸ್‌ಆರ್ ಕಾಂಗ್ರೆಸ್ ಮತ್ತು ಪಕ್ಷೇತರರ ನಡುವೆ ಹಂಚಿಹೋದವು. ಒಂದು ಕಾಲದ ಏಕಪಕ್ಷದ ಕೋಟೆಯಲ್ಲಿ ಐದು ಬಗೆಯ ಜನಪ್ರತಿನಿಧಿಗಳು ಕಂಡುಬಂದರು.

2014ರಲ್ಲಿ ಶ್ರೀರಾಮುಲು ಭಾಜಪಕ್ಕೆ ಮರಳಿ, ಹನುಮಂತಪ್ಪ ಅವರನ್ನು ಸುಮಾರು 85 ಸಾವಿರ ಮತಗಳಿಂದ ಸೋಲಿಸಿ ಸಂಸದರಾದರು. ಮೂರೇ ತಿಂಗಳಲ್ಲಿ ಅವರು ತೆರವು ಮಾಡಿದ ಬಳ್ಳಾರಿ ಗ್ರಾಮೀಣ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆದಾಗ ಕಾಂಗ್ರೆಸ್ಸಿನ ಎನ್.ವೈ. ಗೋಪಾಲಕೃಷ್ಣ ಗೆದ್ದರು. ವ್ಯಕ್ತಿಗೆ ಬಿದ್ದ ಮತ ಪಕ್ಷಕ್ಕೆ ಬಿದ್ದ ಮತವಲ್ಲ ಎಂಬುದು ಅಲ್ಲಿಯೇ ಸ್ಪಷ್ಟವಾಯಿತು.

ಆರು ತಿಂಗಳಲ್ಲಿ ಮೂರು ಲಕ್ಷ

2018ರ ವಿಧಾನಸಭಾ ಚುನಾವಣೆಯಲ್ಲಿ ಶ್ರೀರಾಮುಲು ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರಿನಿಂದ ಗೆದ್ದು ಲೋಕಸಭಾ ಸದಸ್ಯತ್ವ ತ್ಯಜಿಸಿದರು. ಲೋಕಸಭೆಯ ಅವಧಿ ಮುಗಿಯಲು ಕೆಲವೇ ತಿಂಗಳಿರುವಾಗ ನವೆಂಬರ್ 3ರಂದು ಉಪಚುನಾವಣೆ ನಡೆಯಿತು. ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಅಭ್ಯರ್ಥಿ ವಿ.ಎಸ್. ಉಗ್ರಪ್ಪ, ಭಾಜಪದ ಶಾಂತಾ ಅವರನ್ನು 2,43,161 ಮತಗಳ ಭಾರಿ ಅಂತರದಿಂದ ಮಣಿಸಿದರು. ಉಗ್ರಪ್ಪ ಹೊರಗಿನವರು ಎಂಬ ಟೀಕೆಯನ್ನು ಮತದಾರರು ಲೆಕ್ಕಿಸಲಿಲ್ಲ. ಬಳ್ಳಾರಿ ಮತ್ತೆ ಕಾಂಗ್ರೆಸ್ಸಿನ ಕೋಟೆಯಾಯಿತು ಎಂಬ ವಿಶ್ಲೇಷಣೆಗಳು ಬಂದವು.

ಆ ಕೋಟೆ ಬಾಳಿದ್ದು ಆರು ತಿಂಗಳು. 2019ರ ಮಹಾಚುನಾವಣೆಯಲ್ಲಿ ಭಾಜಪದ ವೈ. ದೇವೇಂದ್ರಪ್ಪ, ಉಗ್ರಪ್ಪ ಅವರನ್ನು 55,707 ಮತಗಳಿಂದ ಸೋಲಿಸಿದರು. ಎರಡು ಫಲಿತಾಂಶಗಳ ಅಂತರವನ್ನು ಕೂಡಿಸಿದರೆ ಸುಮಾರು ಮೂರು ಲಕ್ಷ ಮತಗಳ ಹೊರಳು. ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಆರರಲ್ಲಿ 2018ರ ಮೇ ತಿಂಗಳಲ್ಲಿ ಗೆದ್ದವರು ಕಾಂಗ್ರೆಸ್ಸಿಗರೇ ಆಗಿದ್ದರೂ ಅದು ನೆರವಿಗೆ ಬರಲಿಲ್ಲ. ನರೇಂದ್ರ ಮೋದಿ ಅವರ ಹೆಸರಿನಲ್ಲಿ ನಡೆದ ಆ ಚುನಾವಣೆಯಲ್ಲಿ ಭಾಜಪ ರಾಜ್ಯದ 28ರಲ್ಲಿ 25 ಸ್ಥಾನ ಗೆದ್ದಿತ್ತು. ರಾಜ್ಯದ ಅಲೆಯ ಎದುರು ನಿಲ್ಲುತ್ತಿದ್ದ ಹಳೆಯ ಬಳ್ಳಾರಿ ಈಗ ಅಲೆಯೊಡನೆ ಸಾಗುವ ಕ್ಷೇತ್ರವಾಗಿತ್ತು.

2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತೆ ಎಂಟರಲ್ಲಿ ಆರು ಸ್ಥಾನ ಗೆದ್ದಿತು. ಬಳ್ಳಾರಿ ಗ್ರಾಮೀಣದಲ್ಲಿ ಶ್ರೀರಾಮುಲು ಅವರೇ ಬಿ. ನಾಗೇಂದ್ರ ಎದುರು ಸೋತರು. ಜನಾರ್ದನ ರೆಡ್ಡಿ ಸ್ವಂತ ಪಕ್ಷ ಕಟ್ಟಿ ಗಂಗಾವತಿಯಿಂದ ಗೆದ್ದು, 2024ರ ಮಾರ್ಚ್‌ನಲ್ಲಿ ಭಾಜಪಕ್ಕೆ ಮರಳಿದರು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಹಾಲಿ ಸಂಸದ ದೇವೇಂದ್ರಪ್ಪ ಅವರಿಗೆ ಟಿಕೆಟ್ ನಿರಾಕರಿಸಿ ಶ್ರೀರಾಮುಲು ಅವರನ್ನು ಭಾಜಪ ಕಣಕ್ಕಿಳಿಸಿತು. ಸಂಡೂರಿನಿಂದ ನಾಲ್ಕು ಬಾರಿ ಶಾಸಕರಾಗಿದ್ದ ಕಾಂಗ್ರೆಸ್ಸಿನ ತುಕಾರಾಂ 98,992 ಮತಗಳ ಅಂತರದಿಂದ ಗೆದ್ದರು. ರಾಜ್ಯದಲ್ಲಿ ಭಾಜಪ 17 ಸ್ಥಾನ ಪಡೆದಿದ್ದರೆ ಕಾಂಗ್ರೆಸ್ ಪಡೆದದ್ದು ಒಂಬತ್ತು. ಬಳ್ಳಾರಿ ಆ ಒಂಬತ್ತರಲ್ಲಿ ಒಂದು.

ಈ ಚುನಾವಣೆಯೂ ವಿವಾದಮುಕ್ತವಾಗಿ ಉಳಿಯಲಿಲ್ಲ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಣ ದುರ್ಬಳಕೆ ಪ್ರಕರಣದಲ್ಲಿ ನಾಗೇಂದ್ರ ಸಚಿವ ಸ್ಥಾನ ತ್ಯಜಿಸಬೇಕಾಯಿತು. ನಿಗಮದ ಹಣದ ಒಂದು ಭಾಗ ಬಳ್ಳಾರಿಯ ಲೋಕಸಭಾ ಚುನಾವಣೆಗೆ ಬಳಕೆಯಾಗಿದೆ ಎಂದು ಜಾರಿ ನಿರ್ದೇಶನಾಲಯ ಆರೋಪಿಸಿತು. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯಗಳೇ ತೀರ್ಮಾನಿಸಬೇಕು. ಆದರೆ ಗಣಿ ಹಣದ ಕುರಿತು ಹಿಂದೆ ಕೇಳಿಬರುತ್ತಿದ್ದ ಪ್ರಶ್ನೆ, ಪರಿಶಿಷ್ಟ ಪಂಗಡದ ಜನರಿಗೆ ಮೀಸಲಾದ ಹಣದ ಕುರಿತು, ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರದಲ್ಲಿಯೇ ಕೇಳಿಬಂದದ್ದು ಗಂಭೀರ ವಿಷಯ.

ಯಾರೂ ಮರಳಲಿಲ್ಲ, ಏಕೆ?

ಎಂಟು ಚುನಾವಣೆಗೆ ಎಂಟು ಸಂಸದರು ಎಂದರೆ ಮತದಾರರು ಎಂಟು ಬಾರಿ ಹಾಲಿ ಸಂಸದರನ್ನು ತಿರಸ್ಕರಿಸಿದರು ಎಂದರ್ಥವಲ್ಲ. ಸೋನಿಯಾ ಗಾಂಧಿ ಮತ್ತು ಶ್ರೀರಾಮುಲು ತಾವಾಗಿಯೇ ಸ್ಥಾನ ಬಿಟ್ಟರು. ಕರುಣಾಕರ ರೆಡ್ಡಿ ಶಾಸಕರಾಗಿ ರಾಜ್ಯ ರಾಜಕಾರಣಕ್ಕೆ ಹೋದರು. ಹೋಗದಿದ್ದರೂ ಕ್ಷೇತ್ರ ಮೀಸಲಾದ ಕಾರಣ ಅವರು ಮತ್ತೆ ಸ್ಪರ್ಧಿಸುವಂತಿರಲಿಲ್ಲ. ಶಾಂತಾ ಮತ್ತು ದೇವೇಂದ್ರಪ್ಪ ಅವರ ಬದಲು ಪಕ್ಷವೇ ಬೇರೆಯವರಿಗೆ ಟಿಕೆಟ್ ಕೊಟ್ಟಿತು. ಉಗ್ರಪ್ಪ ಹಾಲಿ ಸಂಸದರಾಗಿ ನೇರವಾಗಿ ಜನರ ಮುಂದೆ ಹೋಗಿ ಸೋತರು. ಅವರಿಗೆ ಸಿಕ್ಕಿದ್ದ ಅವಧಿಯೂ ಆರೇ ತಿಂಗಳು.

ಹೀಗಾಗಿ ಚಂಚಲತೆಯ ಆರೋಪವನ್ನು ಮತದಾರರ ಮೇಲೆ ಹೊರಿಸುವುದು ನ್ಯಾಯವಲ್ಲ. ಲೋಕಸಭಾ ಸ್ಥಾನವನ್ನು ಪಕ್ಷಗಳೂ ನಾಯಕರೂ ತಂಗುದಾಣದಂತೆ ಬಳಸಿಕೊಂಡದ್ದು ಮೊದಲ ಕಾರಣ. ಪ್ರತಿ ಜಯದ ಹಿಂದೆ ಒಂದು ಉಪಚುನಾವಣೆ ಬರುವುದು ಇಲ್ಲಿ ವಾಡಿಕೆಯಾಗಿದೆ. 2000ದಲ್ಲಿ, 2011ರಲ್ಲಿ, 2014ರಲ್ಲಿ, 2018ರಲ್ಲಿ ಹೀಗೆಯೇ ಆಯಿತು. 2024ರಲ್ಲಿ ತುಕಾರಾಂ ತೆರವು ಮಾಡಿದ ಸಂಡೂರಿನ ಉಪಚುನಾವಣೆಯಲ್ಲಿ ಅವರ ಪತ್ನಿ ಈ. ಅನ್ನಪೂರ್ಣ ಗೆದ್ದರು. ಅಣ್ಣನ ನಂತರ ತಂಗಿ, ಪತಿಯ ನಂತರ ಪತ್ನಿ ಎಂಬ ಕ್ರಮದಲ್ಲಿ ಪಕ್ಷಭೇದವಿಲ್ಲ.

ಇದರ ಬೆಲೆಯನ್ನು ತೆರುವವರು ಕ್ಷೇತ್ರದ ಜನ. ಲೋಕಸಭೆಯಲ್ಲಿ ಅನುಭವಕ್ಕೆ ತನ್ನದೇ ಆದ ತೂಕವಿದೆ. ಸ್ಥಾಯಿ ಸಮಿತಿಗಳಲ್ಲಿ ಸ್ಥಾನ, ಸಚಿವಾಲಯಗಳ ಪರಿಚಯ, ರೈಲ್ವೆ ಮತ್ತು ಹೆದ್ದಾರಿ ಯೋಜನೆಗಳ ಬೆನ್ನುಹತ್ತುವ ಸಾಮರ್ಥ್ಯ ಒಂದು ಅವಧಿಯಲ್ಲಿ ಬರುವಂಥದ್ದಲ್ಲ. ಬಳ್ಳಾರಿಯ ಮುಖ್ಯ ಸಮಸ್ಯೆಗಳೆಲ್ಲ ದೀರ್ಘಾವಧಿಯವು. ಸುಪ್ರೀಂ ಕೋರ್ಟ್ 2013ರಲ್ಲಿ ಷರತ್ತುಗಳೊಡನೆ ಗಣಿಗಾರಿಕೆಗೆ ಮತ್ತೆ ಅವಕಾಶ ನೀಡಿದಾಗ, ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಪ್ರತ್ಯೇಕ ನಿಧಿ ಇರಬೇಕೆಂಬ ತತ್ವವನ್ನು ಮುಂದಿಟ್ಟಿತ್ತು. ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ರಚನೆಯಾಯಿತು. 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ನಿಧಿಯೂ ಬಂದಿತು. ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ಪಡೆದ ಜಿಲ್ಲೆಗಳಲ್ಲಿಯೂ ಬಳ್ಳಾರಿ ಸೇರಿದೆ. ಹಣ ಮತ್ತು ಕಾನೂನು ಎರಡೂ ಇವೆ. ಅವುಗಳ ಲೆಕ್ಕವನ್ನು ವರ್ಷಗಟ್ಟಲೆ ಕೇಳುತ್ತ ಹೋಗುವ ಒಬ್ಬ ಪ್ರತಿನಿಧಿಯ ಕೊರತೆ ಇದೆ.

ಮುಂದಿನ ಪುನರ್ವಿಂಗಡಣೆಯಲ್ಲಿ ಕ್ಷೇತ್ರದ ಗಡಿಯೂ ಮೀಸಲಾತಿಯೂ ಬದಲಾಗಬಹುದು. 2,243 ಮತಗಳಿಂದ 2,43,161 ಮತಗಳವರೆಗೆ ಅಂತರಗಳನ್ನು ಕಂಡಿರುವ ಈ ಕ್ಷೇತ್ರವನ್ನು ಇನ್ನು ಯಾವ ಪಕ್ಷವೂ ತನ್ನದೆಂದು ಬಗೆಯುವಂತಿಲ್ಲ. ಸುರಕ್ಷಿತ ಕ್ಷೇತ್ರ ಎಂಬ ಮಾತು ಅಭ್ಯರ್ಥಿಗೆ ಸುರಕ್ಷಿತ ಎಂಬ ಅರ್ಥದಲ್ಲಿ ಮಾತ್ರ ಬಳಕೆಯಾಗುತ್ತ ಬಂದಿದೆ. ಬಳ್ಳಾರಿಯ ಮತದಾರರು ಅದನ್ನು ಒಡೆದುಹಾಕಿ ಎರಡು ದಶಕಗಳು ಕಳೆದಿವೆ. ಗೆದ್ದ ಮೇಲೆ ಉಳಿಯುವ, ಐದು ವರ್ಷ ಕೆಲಸ ಮಾಡಿ ಮತ್ತೆ ಅದೇ ಜನರ ಮುಂದೆ ಬಂದು ಲೆಕ್ಕ ಕೊಡುವ ಅಭ್ಯರ್ಥಿಯನ್ನು ಪಕ್ಷಗಳು ಇನ್ನೂ ಅವರಿಗೆ ಕೊಟ್ಟಿಲ್ಲ.

ಈವರೆಗೆ ಆಯ್ಕೆಯಾದವರು

1952, 1957, 1962: ಟೇಕೂರು ಸುಬ್ರಹ್ಮಣ್ಯಂ (ಕಾಂಗ್ರೆಸ್)
1967, 1971: ವಿ.ಕೆ.ಆರ್.ವಿ. ರಾವ್ (ಕಾಂಗ್ರೆಸ್)
1977: ಕೆ.ಎಸ್. ವೀರಭದ್ರಪ್ಪ (ಕಾಂಗ್ರೆಸ್)
1980: ಆರ್.ವೈ. ಘೋರ್ಪಡೆ (ಕಾಂಗ್ರೆಸ್)
1984, 1989, 1991: ಬಸವರಾಜೇಶ್ವರಿ (ಕಾಂಗ್ರೆಸ್)
1996, 1998: ಕೆ.ಸಿ. ಕೊಂಡಯ್ಯ (ಕಾಂಗ್ರೆಸ್)
1999: ಸೋನಿಯಾ ಗಾಂಧಿ (ಕಾಂಗ್ರೆಸ್)
2000 ಉಪಚುನಾವಣೆ: ಕೋಳೂರು ಬಸವನಗೌಡ (ಕಾಂಗ್ರೆಸ್)
2004: ಜಿ. ಕರುಣಾಕರ ರೆಡ್ಡಿ (ಭಾಜಪ)
2009: ಜೆ. ಶಾಂತಾ (ಭಾಜಪ)
2014: ಬಿ. ಶ್ರೀರಾಮುಲು (ಭಾಜಪ)
2018 ಉಪಚುನಾವಣೆ: ವಿ.ಎಸ್. ಉಗ್ರಪ್ಪ (ಕಾಂಗ್ರೆಸ್)
2019: ವೈ. ದೇವೇಂದ್ರಪ್ಪ (ಭಾಜಪ)
2024: ಈ. ತುಕಾರಾಂ (ಕಾಂಗ್ರೆಸ್)